ಪಾಠ ಶುರುವಾಗುವ ಮೊದಲಿನ ಮೂರು ವಾರ



ಈ ತಿಂಗಳು ಕೆಚ್ಚಲು ಬಾವಿನ ಬಗ್ಗೆ ಬರೆಯಬೇಕೆಂದಿದ್ದೆ. ಅದನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ. ಹಸು ನೋಡಲು ಹೋದ ಕಡೆಯಲ್ಲೆಲ್ಲ ಈಗ ತಾಯಂದಿರು ಕೇಳುತ್ತಿರುವ ಪ್ರಶ್ನೆಯೇ ಬೇರೆ. ಕಳೆದ ವಾರ ಒಬ್ಬ ಅಕ್ಕ ಕೇಳಿದರು: "ಮಗಳಿಗೆ ಎಂಜಿನಿಯರಿಂಗ್ ಸೀಟು ಸಿಕ್ತು ಡಾಕ್ಟ್ರಮ್ಮ. ಆದ್ರೆ ಮೊದಲು ಮೂರು ವಾರ ಪಾಠನೇ ಇಲ್ವಂತೆ, ಹಾಡು, ಚಿತ್ರ, ನಾಟಕ ಅಂತೆ. ಈ ಹಸು ಬೇರೆ ಕರು ಹಾಕೋಕೆ ಬಂದಿದೆ. ಅಲ್ಲಿವರೆಗೂ ಮನೇಲೇ ಇಟ್ಕೊಂಡು ಆಮೇಲೆ ಕಳಿಸಿದ್ರೆ ಆಗಲ್ವಾ?"

ಬೇಡ ಅಕ್ಕ, ಮೊದಲ ದಿನವೇ ಕಳಿಸಿ ಎಂದೆ. ಕೊಟ್ಟಿಗೆಯಲ್ಲಿ ನಿಂತು ಕಾರಣವನ್ನೆಲ್ಲ ಹೇಳಲಾಗಲಿಲ್ಲ. ಅದನ್ನು ಇಲ್ಲಿ ಹೇಳುತ್ತೇನೆ.

ಇದು ಯಾವುದೋ ಒಂದು ಕಾಲೇಜು ತನ್ನಷ್ಟಕ್ಕೆ ಮಾಡಿಕೊಂಡ ಮೋಜಲ್ಲ. ಗಾಂಧಿನಗರದ ಐಐಟಿ 2011ರಲ್ಲಿ ಹೊಸ ವಿದ್ಯಾರ್ಥಿಗಳಿಗೆ ಪಾಠಕ್ಕೆ ಮೊದಲು ಐದು ವಾರಗಳ ಕಾರ್ಯಕ್ರಮ ಶುರು ಮಾಡಿತು. ಅಂಥ ಅನುಭವಗಳನ್ನು ನೋಡಿ, ಎಂಜಿನಿಯರಿಂಗ್ ಕಾಲೇಜುಗಳ ಮೇಲುಸ್ತುವಾರಿ ನೋಡುವ ಎಐಸಿಟಿಇ 2017ರಲ್ಲಿ ಮೂರು ವಾರಗಳ ಮಾದರಿಯೊಂದನ್ನು ದೇಶದ ಕಾಲೇಜುಗಳಿಗೆ ಕೊಟ್ಟಿತು. ಬಿಎ, ಬಿಕಾಂ, ಬಿಎಸ್ಸಿ ಓದುವವರಿಗೂ ಇಂಥದ್ದಿರಲಿ ಎಂದು ಯುಜಿಸಿ 2019ರಲ್ಲಿ 'ದೀಕ್ಷಾರಂಭ' ಎಂಬ ಮಾರ್ಗದರ್ಶಿ ಹೊರಡಿಸಿತು. ಎಷ್ಟು ದಿನ ನಡೆಸುತ್ತಾರೆ ಎಂಬುದು ಕಾಲೇಜಿನಿಂದ ಕಾಲೇಜಿಗೆ ಹೆಚ್ಚುಕಡಿಮೆ ಇರುತ್ತದೆ. ಕೇಳಿ ತಿಳಿದುಕೊಳ್ಳಿ.

ಎಐಸಿಟಿಇ ಮಾದರಿಯಲ್ಲಿ ಬೆಳಿಗ್ಗೆ ವ್ಯಾಯಾಮ, ಆಟ ಇರುತ್ತದೆ. ಆಮೇಲೆ ಪ್ರತಿಯೊಬ್ಬರೂ ಒಂದು ಕಲೆಯನ್ನು ಆರಿಸಿಕೊಳ್ಳಬೇಕು. ಚಿತ್ರ, ಸಂಗೀತ, ನೃತ್ಯ, ಮಣ್ಣಿನ ಕೆಲಸ, ಯಾವುದಾದರೂ ಸರಿ, ಅದನ್ನೇ ದಿನವೂ ಮಾಡಬೇಕು. ಜೊತೆಗೆ ಸುಮಾರು 20 ಮಕ್ಕಳಿಗೆ ಒಬ್ಬ ಅಧ್ಯಾಪಕರಂತೆ ಗುಂಪು ಮಾಡಿ, ಕೂತು ಮಾತಾಡಿಸುತ್ತಾರೆ. ಇಂಗ್ಲಿಷ್, ಕಂಪ್ಯೂಟರ್ ಬಾರದವರಿಗೆ ಬೇರೆ ತರಗತಿ ನಡೆಸಬೇಕೆಂದೂ ಅದರಲ್ಲಿದೆ. ಎಲ್ಲ ಕಡೆ ಇಷ್ಟು ಚೆನ್ನಾಗಿ ನಡೆಯುತ್ತದೆ ಎಂದು ನಾನು ಹೇಳುವುದಿಲ್ಲ. ಬರೀ ಭಾಷಣ ಕೇಳಿಸಿ ಮುಗಿಸುವ ಕಾಲೇಜುಗಳೂ ಇವೆ. ಹಾಗಿದ್ದರೂ ಆ 20 ಜನರ ಗುಂಪಿಗಾಗಿಯಾದರೂ ಕಳಿಸಬೇಕು ಎನ್ನುತ್ತೇನೆ.

ನಮ್ಮ ಕಾಲದಲ್ಲಿ ಇದು ಇರಲಿಲ್ಲ. ಮನೆಯ ಕಾರಣಕ್ಕೆ ನಾನು ಪಶುವೈದ್ಯಕೀಯ ಕಾಲೇಜಿಗೆ ಹತ್ತು ದಿನ ತಡವಾಗಿ ಸೇರಿದೆ. ಅಷ್ಟರಲ್ಲಿ ಯಾರು ಯಾರ ಪಕ್ಕ ಕೂರಬೇಕು ಎಂಬುದು ಗೊತ್ತಾಗಿಹೋಗಿತ್ತು. ಇಂಗ್ಲಿಷಿನಲ್ಲಿ ಮಾತಾಡಬೇಕಲ್ಲ ಎಂಬ ಅಂಜಿಕೆಗೆ, ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿದ್ದರೂ ತಿಂಗಳುಗಟ್ಟಲೆ ಬಾಯಿ ಬಿಡಲಿಲ್ಲ. ನಮಗೆ ದನದ ಮೂಳೆಗಳ ಚಿತ್ರ ಬರೆಯುವ ಕೆಲಸ ಇರುತ್ತಿತ್ತು. ಒಂದು ದಿನ ಮುಂದಿನ ಬೆಂಚಿನ ಹುಡುಗಿ ತಿರುಗಿ ನೋಡಿ, "ಹೆಗಲ ಮೂಳೆ ಎಷ್ಟು ಚೆನ್ನಾಗಿ ಬರೆದಿದ್ದೀಯ, ನನಗೂ ತೋರಿಸು" ಎಂದಳು. ರಂಗೋಲಿ ಹಾಕಿ ಪಳಗಿದ ಕೈ ಅದು, ಅಷ್ಟೇ. ಅವಳೇ ನನ್ನ ಮೊದಲ ಗೆಳತಿ. ಆ ಮಾತು ಮೊದಲ ವಾರವೇ ಬಂದಿದ್ದರೆ ನನ್ನ ಅರ್ಧ ವರ್ಷ ಉಳಿಯುತ್ತಿತ್ತು ಎಂದು ಈಗಲೂ ಅನಿಸುತ್ತದೆ.

ಕಲೆಯಿಂದ ಶುರು ಮಾಡುವುದರ ಲಾಭ ಇಲ್ಲೇ ಇದೆ. ಗಣಿತದಲ್ಲಿ, ಇಂಗ್ಲಿಷಿನಲ್ಲಿ ಪೇಟೆಯ ಮಕ್ಕಳು ಮುಂದೆ ಇರಬಹುದು. ಜೇಡಿಮಣ್ಣು ಕೈಗೆ ಕೊಟ್ಟಾಗ ಎಲ್ಲರೂ ಹೊಸಬರೇ. ನಮ್ಮ ಮಕ್ಕಳು ಎಷ್ಟೋ ಸಲ ಒಂದು ಹೆಜ್ಜೆ ಮುಂದೆಯೇ ಇರುತ್ತಾರೆ. ಚುಕ್ಕಿ ಎಣಿಸಿ ರಂಗೋಲಿ ಎಳೆಯುವುದು, ಹಳೆ ಸೀರೆಯಲ್ಲಿ ಕೌದಿ ಹೊಲಿಯುವುದು, ಮದುವೆ ಮನೆಯಲ್ಲಿ ಸೋಬಾನೆ ಹೇಳುವುದು, ಸಾಗರದ ಕಡೆ ಗೋಡೆಗೆ ಹಸೆ ಚಿತ್ತಾರ ಬರೆಯುವುದು, ಇವೆಲ್ಲ ಕಲೆಯೇ. ಮನೆಯಲ್ಲಿ ದಿನವೂ ನೋಡಿದ್ದರಿಂದ ಮಗಳು ಹಾಗೆ ಅಂದುಕೊಂಡಿರುವುದಿಲ್ಲ. ಅವಳಿಗೆ ಅದನ್ನು ನೀವೇ ಹೇಳಬೇಕು. ಹೊರಡುವ ಮೊದಲು ಅವಳಜ್ಜಿಯ ಹತ್ತಿರ ಒಂದು ಹಾಡು ಪೂರ್ತಿ ಕಲಿಯಲಿ. ಅರ್ಧ ಬರುವ ಹತ್ತು ಹಾಡಿಗಿಂತ ಅದು ವಾಸಿ.

ಬಣ್ಣದ ಪೆಟ್ಟಿಗೆ, ಗಿಟಾರು ಎಂದು ಬಟವಾಡೆ ಹಣ ಮೊದಲೇ ಖರ್ಚು ಮಾಡಬೇಡಿ. ಏನು ತರಬೇಕೆಂದು ಕಾಲೇಜಿನವರು ಹೇಳಿದ ಮೇಲೆ ತಂದರಾಯಿತು. ಕೊಳೆಯಾದರೂ ಪರವಾಗಿಲ್ಲ ಎನ್ನುವಂಥ ಎರಡು ಜೊತೆ ಬಟ್ಟೆ, ಆಟಕ್ಕೆ ಒಂದು ಜೊತೆ ಶೂ ಇರಲಿ. ತನ್ನ ಹೆಸರು, ಊರು, ತನಗೆ ಬರುವ ಒಂದು ಕೆಲಸ, ಇಷ್ಟನ್ನು ನಾಲ್ಕು ಜನರ ಮುಂದೆ ನಿಂತು ಹೇಳುವುದನ್ನು ಮನೆಯಲ್ಲೇ ಎರಡು ಮೂರು ಸಲ ಮಾಡಿಸಿ. "ನಮ್ಮಮ್ಮ ಡೇರಿಗೆ ಹಾಲು ಹಾಕ್ತಾರೆ, ನನಗೆ ಹಾಲು ಕರೆಯೋಕೆ ಬರುತ್ತೆ" ಎನ್ನಲು ನಾಚಬೇಕಿಲ್ಲ. ಮಗನಾದರೂ ಇದೇ ಮಾತು.

ಮೊದಲ ದಿನ ತಂದೆತಾಯಿಯನ್ನೂ ಕರೆದಿದ್ದರೆ ನೀವೇ ಹೋಗಿ. ಮಾವನನ್ನೋ ಚಿಕ್ಕಪ್ಪನನ್ನೋ ಕಳಿಸಿ ಸುಮ್ಮನಾಗಬೇಡಿ. ಮಗಳ ಗುಂಪಿನ ಅಧ್ಯಾಪಕರು ಯಾರೆಂದು ಕೇಳಿ ಅವರ ಫೋನ್ ನಂಬರ್ ಬರೆದುಕೊಳ್ಳಿ. ಹಾಸ್ಟೆಲ್ ಯಾವ ದಿನ ತೆರೆಯುತ್ತದೆ ಎಂಬುದನ್ನು ಮಾತ್ರ ಮುಂಚೆಯೇ ಫೋನ್ ಮಾಡಿ ವಿಚಾರಿಸಿ. ಹಿರಿಯ ವಿದ್ಯಾರ್ಥಿಗಳು ಕಾಡಿದರೆ ದೂರು ಕೊಡಲು ರಾಷ್ಟ್ರೀಯ ರ್‍ಯಾಗಿಂಗ್ ತಡೆ ಸಹಾಯವಾಣಿ 1800-180-5522 ಇದೆ. ಮಗಳ ಫೋನಿನಲ್ಲೂ ನಿಮ್ಮ ಫೋನಿನಲ್ಲೂ ಇರಲಿ.

ಇನ್ನು ಕೊಟ್ಟಿಗೆಯ ವಿಚಾರ. ಮಗಳೇ ಹಾಲು ಕರೆಯುವ ಮನೆಯಾದರೆ ಅವಳು ಹೊರಟ ಮಾರನೇ ದಿನ ಹಸು ಹಾಲು ಕಡಿಮೆ ಮಾಡುವುದುಂಟು. ಕೊರಗಿತು ಎನ್ನುತ್ತೀರಿ. ನಡೆಯುವುದು ಇಷ್ಟು: ಪರಿಚಯದ ಕೈ ಕೆಚ್ಚಲು ಮುಟ್ಟಿದಾಗ ಹಸುವಿನ ಮೆದುಳಿನಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತಕ್ಕೆ ಬಂದು, ಒಂದು ನಿಮಿಷದ ಆಸುಪಾಸಿನಲ್ಲಿ ಹಾಲು ಇಳಿಯುತ್ತದೆ. ಅದರ ಪರಿಣಾಮ ಕೆಲವೇ ನಿಮಿಷ. ಹೊಸ ಕೈ ಕಂಡು ಹಸು ಹೆದರಿದರೆ ಭಯದ ಹಾರ್ಮೋನು ಇದನ್ನು ತಡೆಯುತ್ತದೆ, ಹಾಲು ಕೆಚ್ಚಲಲ್ಲೇ ಉಳಿಯುತ್ತದೆ. ಹೀಗೆ ದಿನವೂ ಉಳಿದರೆ ಹಾಲು ಕಡಿಮೆಯಾಗುತ್ತ ಹೋಗುತ್ತದೆ, ಕೆಚ್ಚಲು ಬಾವಿಗೂ ದಾರಿಯಾಗುತ್ತದೆ.

ಅದಕ್ಕೇ ಮಗಳು ಹೊರಡುವ ಹದಿನೈದು ದಿನ ಮೊದಲೇ ಕೈ ಬದಲಿಸಲು ಶುರು ಮಾಡಿ. ಮೊದಲು ಕೆಲವು ದಿನ ಅವಳು ಕರೆಯುವಾಗ ನೀವು ಪಕ್ಕದಲ್ಲಿ ನಿಂತು ಹಿಂಡಿ ಹಾಕಿ, ಮೈ ಸವರಿ. ಆಮೇಲೆ ಕೆಚ್ಚಲು ತೊಳೆಯುವುದು ನಿಮ್ಮದಾಗಲಿ. ಕೊನೆಯ ವಾರ ನೀವೇ ಕರೆಯಿರಿ, ಅವಳು ಹಸುವಿನ ಮುಂದೆ ನಿಂತಿರಲಿ. ಹೊತ್ತು, ಜಾಗ, ಪಾತ್ರೆ ಬದಲಾಗಬಾರದು. ಹಾಲು ಇಳಿಯಲಿಲ್ಲ ಎಂದು ಯಾರೋ ಕೊಟ್ಟ ಇಂಜೆಕ್ಷನ್ ಮಾತ್ರ ಚುಚ್ಚಬೇಡಿ. ಅದು ಅಭ್ಯಾಸವಾದರೆ ಇಂಜೆಕ್ಷನ್ ಇಲ್ಲದೆ ಹಸು ಹಾಲೇ ಇಳಿಸುವುದಿಲ್ಲ.

ಕರು ಹಾಕುವ ದಿನವನ್ನೂ ಈಗಲೇ ಲೆಕ್ಕ ಹಾಕಿ. ಹಸುವಿಗೆ ಗರ್ಭ ನಿಂತ ದಿನದಿಂದ ಸುಮಾರು 280 ದಿನ, ಎಮ್ಮೆಗೆ ಸುಮಾರು 310. ನವೆಂಬರ್ 15ಕ್ಕೆ ಕೃತಕ ಗರ್ಭಧಾರಣೆ ಮಾಡಿಸಿದ್ದರೆ ಆಗಸ್ಟ್ 22ರ ಆಚೀಚೆ ಕರು ಹಾಕುತ್ತದೆ. ಅದು ಮಗಳು ಹೊರಡುವ ವಾರವೇ ಆಗಿದ್ದರೆ, ರಾತ್ರಿ ಜೊತೆಗಿರಲು ಪಕ್ಕದ ಮನೆಯವರನ್ನು ಇವತ್ತೇ ಕೇಳಿಕೊಳ್ಳಿ. ನಿಮ್ಮ ಸಂಘದ ಕಾರ್ಯದರ್ಶಿಗೂ ದಿನಾಂಕ ಬರೆಸಿಡಿ. ನೀರಿನ ಚೀಲ ಒಡೆದು ಎರಡು ಗಂಟೆಯಾದರೂ ಕರುವಿನ ಕಾಲು ಕಾಣಿಸದಿದ್ದರೆ ನೀವು ಕೈ ಹಾಕಲು ಹೋಗದೆ ನಮಗೆ ಫೋನ್ ಮಾಡಿ. ರಾತ್ರಿಯಾದರೂ ಬರುತ್ತೇವೆ.