ರವಿಯ ಪುಸ್ತಕವೋ, ರಾಜುವಿನದೋ?

‘ಈಚ್ ಆಫ್ ದಿ ಶಾಪ್ಸ್ ಇನ್ ಶಿವಾಜಿನಗರ್ ಹ್ಯಾವ್ ರೇಸ್ಡ್ ದೇರ್ ಪ್ರೈಸಸ್.’ ಕಿವಿಗೆ ಎಲ್ಲೂ ಎಡವಿದಂತೆ ಅನ್ನಿಸುವುದಿಲ್ಲ. ಪರೀಕ್ಷೆಯ ಲೆಕ್ಕದಲ್ಲಿ ಮಾತ್ರ ಇಲ್ಲಿ ಎರಡು ತಪ್ಪಿವೆ. ವಾಕ್ಯದ ಕರ್ತೃ ‘ಈಚ್’, ಅದು ಏಕವಚನ. ಹಾಗಾಗಿ ‘ಹ್ಯಾವ್’ ಇದ್ದಲ್ಲಿ ‘ಹ್ಯಾಸ್’ ಬರಬೇಕು, ‘ದೇರ್’ ಇದ್ದಲ್ಲಿ ‘ಇಟ್ಸ್’ ಬರಬೇಕು. ಸರ್ಕಾರಿ ನೌಕರಿಯ ಎಸ್‌ಎಸ್‌ಸಿ, ಅಮೆರಿಕದ ಕಾಲೇಜು ಪ್ರವೇಶದ ಎಸ್‌ಎಟಿ ಪರೀಕ್ಷೆಗಳಿಗೆ ಓದುವವರಿಗೆ ಇಂಥ ವಾಕ್ಯಗಳು ಚಿರಪರಿಚಿತ. ತಪ್ಪಿದವರಿಗೆ ಸಿಗುವ ಮಾತೂ ಪರಿಚಿತವೇ: ‘ನಿನ್ನ ಇಂಗ್ಲಿಷ್ ಇನ್ನೂ ಪಕ್ಕಾ ಆಗಿಲ್ಲ.’

ಇಂಗ್ಲಿಷನ್ನೇ ಮನೆಮಾತಾಗಿ ಆಡುವವರೂ ಇಲ್ಲಿ ಎಡವುತ್ತಾರೆ. ಅಮೆರಿಕದ ಕ್ಯಾಥರಿನ್ ಬಾಕ್ ಮತ್ತು ಕ್ಯಾರಲ್ ಮಿಲ್ಲರ್ 1991ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ತೋರಿಸಿಕೊಟ್ಟಿತು. ವಾಕ್ಯದ ಮೊದಲ ತುಂಡನ್ನು ಕೇಳಿಸಿ, ಉಳಿದದ್ದನ್ನು ನೀವೇ ಮುಗಿಸಿ ಎಂದು ಅವರು ವಿದ್ಯಾರ್ಥಿಗಳಿಗೆ ಹೇಳಿದರು. ‘ದಿ ಕೀ ಟು ದಿ ಕ್ಯಾಬಿನೆಟ್ಸ್’ ಎಂಬಂಥ ತುಂಡು ಬಂದಾಗ ಕೆಲವರು ‘ಈಸ್’ ಬಿಟ್ಟು ‘ಆರ್’ ಎಂದು ಮುಂದುವರಿಸಿದರು. ಬೀಗದ ಕೈ ಒಂದೇ ಆದರೂ ನಡುವೆ ಬಂದ ಬೀರುಗಳ ಬಹುವಚನ ಕ್ರಿಯಾಪದವನ್ನು ತನ್ನತ್ತ ಎಳೆದುಕೊಂಡಿತ್ತು. ಕರ್ತೃ ಬಹುವಚನವಾಗಿ, ನಡುವಿನ ಪದ ಏಕವಚನವಾದಾಗ ಇಂಥ ತಪ್ಪು ತೀರಾ ಕಡಿಮೆ. ಸಂಶೋಧಕರು ಇದನ್ನು ‘ಸೆಳೆತ’ ಎಂದು ಕರೆಯುತ್ತಾರೆ. ತಾತ್ಕಾಲಿಕ ನೆನಪಿನಲ್ಲಿ (ವರ್ಕಿಂಗ್ ಮೆಮೊರಿ) ಕರ್ತೃವನ್ನು ಹಿಡಿದಿಟ್ಟುಕೊಂಡಿರುವಾಗಲೇ ಇನ್ನೊಂದು ನಾಮಪದ ಹತ್ತಿರ ಬಂದು ಅಡ್ಡ ನಿಲ್ಲುತ್ತದೆ. ಶಿವಾಜಿನಗರದ ವಾಕ್ಯದಲ್ಲಿ ‘ಶಾಪ್ಸ್’ ಮಾಡುವುದು ಇದನ್ನೇ.

ಈ ಸೆಳೆತದ ಜೊತೆಗೆ ಬೆಂಗಳೂರಿನ ಪೂರ್ವಭಾಗದ ಮಕ್ಕಳಿಗೆ ಇನ್ನೊಂದು ಸಂಗತಿಯೂ ಇದೆ. 1809ರಲ್ಲಿ ಬ್ರಿಟಿಷರು ದಂಡು ಪ್ರದೇಶ ಕಟ್ಟಿದ ಮೇಲೆ ಇಲ್ಲಿ ಭಾಷೆಗಳು ಒತ್ತೊತ್ತಾಗಿ ಬೆಳೆದವು. ಹಲಸೂರಿನಲ್ಲಿ ತಮಿಳು, ಶಿವಾಜಿನಗರದಲ್ಲಿ ದಖನಿ ಉರ್ದು, ಕೆ.ಆರ್. ಪುರದ ಕಡೆಗೆ ಕನ್ನಡದ ಜೊತೆ ತೆಲುಗು. ‘ಬಂದ’ ಎನ್ನುವ ಒಂದು ಕ್ರಿಯೆಯನ್ನು ಹಿಡಿದು ನೋಡಿ. ಕನ್ನಡದಲ್ಲಿ ಹುಡುಗ ಬಂದ, ಹುಡುಗಿ ಬಂದಳು, ಬಸ್ ಬಂತು. ತಮಿಳಿನಲ್ಲೂ ಹೀಗೆ ಮೂರು ರೂಪ. ತೆಲುಗಿನಲ್ಲಿ ಅಬ್ಬಾಯಿ ವಚ್ಚಾಡು. ಅಮ್ಮಾಯಿಯೂ ‘ವಚ್ಚಿಂದಿ’, ಬಸ್ಸೂ ‘ವಚ್ಚಿಂದಿ’. ಉರ್ದುವಿನ ‘ವೋ’ ಗಂಡು ಹೆಣ್ಣೆಂಬ ಭೇದವನ್ನೇ ತೋರಿಸುವುದಿಲ್ಲ. ಆ ಕೆಲಸ ‘ಆಯಾ’, ‘ಆಯೀ’ ಎನ್ನುವ ಕ್ರಿಯಾಪದದ್ದು. ಇಂಗ್ಲಿಷಿನ ‘ಕೇಮ್’ ಏನನ್ನೂ ಹೇಳದೆ ಎಲ್ಲ ಹೊರೆಯನ್ನೂ ಹೀ, ಶೀ, ಇಟ್‌ಗಳ ಮೇಲೆ ಹಾಕುತ್ತದೆ. ಹೊಂದಾಣಿಕೆ ಎಲ್ಲ ಭಾಷೆಗೂ ಬೇಕು. ಅದನ್ನು ಯಾವ ಪದ ಹೊರಬೇಕು ಎನ್ನುವುದರಲ್ಲಿ ಮಾತ್ರ ವ್ಯತ್ಯಾಸ.

ನಾಮಪದಕ್ಕೆ ನಾಮಪದ ಹೊಂದಬೇಕಾದ ಕಡೆಯೂ ಹೀಗೆಯೇ. ‘ಮೂವರು ಹುಡುಗಿಯರೂ ಡಾಕ್ಟರ್ ಆಗಬೇಕು ಅಂತಿದ್ದಾರೆ’ ಎನ್ನುವುದು ಸೊಗಸಾದ ಕನ್ನಡ. ಮೂವರು ಎಂದಾದ ಮೇಲೆ ಡಾಕ್ಟರಿಗೆ ಮತ್ತೆ ‘ಗಳು’ ಹಚ್ಚುವ ಅಗತ್ಯ ನಮಗಿಲ್ಲ. ಅದೇ ಮಾತನ್ನು ಇಂಗ್ಲಿಷಿಗೆ ತಂದು ‘ವಾಂಟ್ ಟು ಬಿಕಮ್ ಎ ಡಾಕ್ಟರ್’ ಎಂದು ಬರೆದರೆ ಅಂಕ ಹೋಗುತ್ತದೆ. ಮೂವರಿಗೆ ‘ಡಾಕ್ಟರ್ಸ್’ ಬೇಕು. ಹಾಗೆ ಬರೆದ ಹುಡುಗಿ ತನ್ನ ಭಾಷೆಯ ನಿಯಮವನ್ನು ತಪ್ಪಿಲ್ಲದೆ ಪಾಲಿಸಿದ್ದಾಳೆ, ಅಷ್ಟೆ.

ಇನ್ನು ಲಾಭ ನಮ್ಮ ಕಡೆಗಿರುವ ಜಾಗ. ‘ರವಿ ಗೇವ್ ರಾಜು ಹಿಸ್ ಬುಕ್’ ಎಂದರೆ ಪುಸ್ತಕ ಯಾರದು? ಇಂಗ್ಲಿಷ್ ಹೇಳುವುದಿಲ್ಲ. ‘ರವಿ ರಾಜುಗೆ ತನ್ನ ಪುಸ್ತಕ ಕೊಟ್ಟ’ ಎಂದರೆ ರವಿಯದು. ‘ಅವನ ಪುಸ್ತಕ ಕೊಟ್ಟ’ ಎಂದರೆ ರಾಜುವಿನದು ಅಥವಾ ಮೂರನೆಯವನದು. ‘ತನ್ನ’ ಎಂಬುದು ನೇರವಾಗಿ ಕರ್ತೃವಿನತ್ತ ಕೈ ತೋರಿಸುತ್ತದೆ. ತಮಿಳಿನಲ್ಲೂ ತೆಲುಗಿನಲ್ಲೂ ಇದರ ಒಡಹುಟ್ಟು ಪದಗಳಿವೆ, ಉರ್ದುವಿನಲ್ಲಿ ‘ಅಪ್ನಾ’ ಇದೆ. ದಂಡಿನ ನಾಲ್ಕೂ ಭಾಷೆಗಳು ಗುರುತಿಸುವ ಈ ಭೇದ ಇಂಗ್ಲಿಷಿನ ‘ಹಿಸ್’ಗೆ ತಿಳಿಯದು. ಆ ಗೊಂದಲವನ್ನೇ ಪರೀಕ್ಷೆಗಳು ಪ್ರಶ್ನೆಯಾಗಿಸುತ್ತವೆ.

ಪ್ರಶ್ನೆ ತೆಗೆಯುವವರೂ ಸರ್ವನಾಮದ ಬಲೆಗೆ ಬಿದ್ದದ್ದುಂಟು. ಅಮೆರಿಕದಲ್ಲಿ 2002ರ ಪಿಎಸ್‌ಎಟಿ (ಎಸ್‌ಎಟಿಯ ಪೂರ್ವಭಾವಿ) ಪರೀಕ್ಷೆಯ ಒಂದು ವಾಕ್ಯ ಲೇಖಕಿ ಟೋನಿ ಮಾರಿಸನ್‌ರ ಪ್ರತಿಭೆಯನ್ನು ಕುರಿತದ್ದು. ‘ಟೋನಿ ಮಾರಿಸನ್ಸ್’ ಎಂಬ ಷಷ್ಠಿ ರೂಪದ ಹಿಂದೆಯೇ ‘ಹರ್’ ಬಂದಿತ್ತು. ತಪ್ಪಿಲ್ಲ ಎನ್ನುವುದು ಅಧಿಕೃತ ಉತ್ತರ. ಷಷ್ಠಿಯಲ್ಲಿರುವ ನಾಮಪದವನ್ನು ಸರ್ವನಾಮ ಹಿಡಿಯಕೂಡದೆಂಬ ಹಳೆಯ ನಿಯಮವಿದೆಯಲ್ಲ ಎಂದು ಮೇರಿಲ್ಯಾಂಡಿನ ಒಬ್ಬ ಶಿಕ್ಷಕರು ಪಟ್ಟು ಹಿಡಿದರು. ಕೊನೆಗೆ 2003ರಲ್ಲಿ ಆ ಪ್ರಶ್ನೆಯನ್ನು ಕೈಬಿಟ್ಟು ಅಂಕಗಳನ್ನು ಮತ್ತೆ ಲೆಕ್ಕ ಹಾಕಬೇಕಾಯಿತು.

ಎಂಬಿಎ ಪ್ರವೇಶದ ಜಿಮ್ಯಾಟ್, 2023ರ ನವೆಂಬರಿನಲ್ಲಿ ಬಂದ ಹೊಸ ಆವೃತ್ತಿಯಲ್ಲಿ ವಾಕ್ಯ ತಿದ್ದುವ ಭಾಗವನ್ನೇ ತೆಗೆದುಹಾಕಿತು. ಎಸ್‌ಎಟಿಯಲ್ಲಿ ಸರ್ವನಾಮದ ಹೊಂದಾಣಿಕೆ ಇನ್ನೂ ಉಳಿದಿದೆ. ಅದಕ್ಕೆ ಓದುವವರು ಕಿವಿಯನ್ನು ನಂಬದೆ ಪ್ರತಿ ಸರ್ವನಾಮದ ಹಿಂದಿನ ನಾಮಪದವನ್ನು ಬೆರಳಿಟ್ಟು ಹುಡುಕಬೇಕು, ನಡುವೆ ಬಂದ ಪದಗುಚ್ಛವನ್ನು ಮನಸ್ಸಿನಲ್ಲೇ ಹೊಡೆದುಹಾಕಿ ಓದಬೇಕು. ಮನೆಮಾತನ್ನು ಬಾಗಿಲಾಚೆ ಬಿಟ್ಟು ಬಾ ಎನ್ನುವ ಸಲಹೆಯನ್ನಂತೂ ಮೇಷ್ಟ್ರುಗಳು ಕೈಬಿಡಲಿ. ‘ಹಿಸ್’ ಕಂಡಾಗ ‘ತನ್ನದೋ, ಅವನದೋ’ ಎಂದು ಕನ್ನಡದಲ್ಲೇ ಕೇಳಿಕೊಳ್ಳುವುದನ್ನು ಕಲಿಸಲಿ.