ಕಟ್ಟು, ಸಾರು, ಚಾರು: ಗಡಿಯ ಮನೆಗಳಲ್ಲಿ ನೆಗಡಿಯ ಅಡುಗೆ

ಪಾಕಸಾಹಿತ್ಯದ ಗೋಷ್ಠಿಯಲ್ಲಿ ನೆಗಡಿಯ ಮಾತು ಯಾಕೆ ಅಂತ ಕೇಳಬಹುದು. ಕನ್ನಡದ ಅಡುಗೆ ಗ್ರಂಥ ಅಂದ ಕೂಡಲೇ ನಾವು ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ (ಕ್ರಿ.ಶ. 1025), ಮೂರನೆಯ ಮಂಗರಸನ ‘ಸೂಪಶಾಸ್ತ್ರ’ (16ನೇ ಶತಮಾನದ ಆರಂಭ) ಹೆಸರಿಸುತ್ತೇವೆ. ಎರಡೂ ಗಂಡಸರು ಬರೆದವು. ಒಲೆಯ ಮುಂದೆ ದಿನಾ ನಿಲ್ಲುವವರ ತಿಳಿವಳಿಕೆ ಬಾಯಲ್ಲೇ ಉಳಿದಿದೆ, ನಮ್ಮ ಕಡೆ ಅದೂ ಎರಡು ಭಾಷೆಗಳಲ್ಲಿ.

ನಮ್ಮಜ್ಜಿ ಕಲ್ಯಾಣದುರ್ಗದ ಕಡೆಯವರು, ಅತ್ತೆ ಇರೋದು ಹಿಂದೂಪುರದಲ್ಲಿ. ಹುರುಳಿ ಬೇಯಿಸಿ ಬಸಿದ ನೀರಿಗೆ ಅಜ್ಜಿ ‘ಕಟ್ಟು’ ಅಂತಾರೆ. ಅತ್ತೆ ಮನೆಯಲ್ಲಿ ‘ಹುರುಳಿ ಸಾರು’ ಅಂದು, ಪಕ್ಕದ ಮನೆಯವರ ಹತ್ತಿರ ‘ಉಲವಚಾರು’ ಅಂತಾರೆ. ಸಾರು, ಚಾರು ಒಂದೇ ದ್ರಾವಿಡ ಮೂಲದವು. ನಮ್ಮ ‘ಸಾವು’ ತೆಲುಗಿನಲ್ಲಿ ‘ಚಾವು’ ಆದ ಹಾಗೆ. ಆದರೆ ಹೆಸರು ಒಂದಾದರೆ ಪದಾರ್ಥವೂ ಒಂದೇ ಅಂತಲ್ಲ. ಕರಾವಳಿ ಆಂಧ್ರದ ಉಲವಚಾರು ಗಂಟೆಗಟ್ಟಲೆ ಕುದಿಸಿ ಗಟ್ಟಿ ಮಾಡಿದ್ದು, ಕೆನೆ ಹಾಕಿಕೊಂಡು ತಿನ್ನುವಂಥದ್ದು. ನಮ್ಮದು ತೆಳ್ಳಗೆ, ಲೋಟದಲ್ಲಿ ಕುಡಿಯುವ ಹಾಗೆ.

ಮಾಡೋದು ಹೀಗೆ. ಒಂದು ಲೋಟ ಹುರುಳಿ ಆರಿಸಿ (ಕಲ್ಲು ಇದ್ದೇ ಇರುತ್ತೆ), ರಾತ್ರಿ ನೆನೆಹಾಕಿ, ಬೆಳಿಗ್ಗೆ ಆರು ಲೋಟ ನೀರಿನಲ್ಲಿ ಬೆರಳಿಗೆ ಹಿಸುಕುವಷ್ಟು ಬೇಯಿಸಬೇಕು. ಕಟ್ಟು ಬಸಿದುಕೊಳ್ಳಿ. ಇಲ್ಲೊಂದು ಮುಖ್ಯ ವಿಷಯ: ಪ್ರೋಟೀನಿನ ಬಹುಪಾಲು ಕಾಳಿನಲ್ಲೇ ಉಳಿಯುತ್ತೆ. ಬರೀ ಕಟ್ಟು ಕೊಟ್ಟು ‘ಶಕ್ತಿ ಬರುತ್ತೆ’ ಅಂದರೆ ಅರ್ಧ ಸತ್ಯ. ಅಜ್ಜಿ ಎರಡು ಹಿಡಿ ಬೆಂದ ಕಾಳನ್ನು ರುಬ್ಬಿ ವಾಪಸ್ ಸೇರಿಸ್ತಾರೆ. ಉಳಿದದ್ದು ಮನೆಯವರಿಗೆ ಪಲ್ಯ. ಆಮೇಲೆ ಒಂದೊಂದು ಚಮಚ ಮೆಣಸು, ಜೀರಿಗೆ, ಏಳೆಂಟು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಿ, ಹುಣಸೆರಸ, ಉಪ್ಪು, ಕರಿಬೇವು. ಒಂದು ಕುದಿ ಬಂದ ಮೇಲೆ ಒಗ್ಗರಣೆ. ಗಂಟಲು ಕೆರೆದಿದ್ದರೆ ಹುಣಸೆ ಕಡಿಮೆ ಮಾಡಬೇಕು. ಹಿಂದೂಪುರದಂಥ ಹುಣಸೆ ಮಾರುಕಟ್ಟೆಯ ಊರಿನಲ್ಲಿ ಈ ಮಾತು ಯಾರೂ ಕೇಳೋದಿಲ್ಲ ಅನ್ನೋದು ಬೇರೆ ಮಾತು!

ಖಾರಕ್ಕೆ ಮೆಣಸೇ ಯಾಕೆ? ಮೆಣಸಿನಕಾಯಿ ಅಮೆರಿಕ ಖಂಡದಿಂದ ಪೋರ್ಚುಗೀಸರ ಮೂಲಕ ಬಂದದ್ದು; ಚಾವುಂಡರಾಯನಿಗೆ ಅದು ಗೊತ್ತಿರಲು ಸಾಧ್ಯವೇ ಇಲ್ಲ. ಹೊಸ ಖಾರಕ್ಕೆ ಕನ್ನಡ ಹಳೆಯ ‘ಮೆಣಸು’ ಹೆಸರನ್ನೇ ಕೊಟ್ಟಿತು. ದಿನದ ಸಾರಿನಲ್ಲಿ ಮೆಣಸಿನಕಾಯಿ ಗೆದ್ದಿದೆ, ಕಾಯಿಲೆಯ ಸಾರಿನಲ್ಲಿ ಮಾತ್ರ ಹಳೆಯ ಮೆಣಸು ಉಳಿದುಕೊಂಡಿದೆ. ರೋಗಿಯ ಅಡುಗೆ ಬದಲಾಗೋದು ನಿಧಾನ ಅಂತ ನನ್ನ ಊಹೆ.

ಇದರಿಂದ ನೆಗಡಿ ವಾಸಿಯಾಗುತ್ತಾ? ಇಲ್ಲ. ನೆಗಡಿ ವೈರಸ್‌ನಿಂದ ಬರೋದು, ತಾನಾಗಿ ಹೋಗುತ್ತೆ. 2008ರಲ್ಲಿ ಕಾರ್ಡಿಫ್‌ನ ಸಂಶೋಧಕರು 30 ಜನರಿಗೆ ಬಿಸಿ ಹಣ್ಣಿನ ಪಾನೀಯ ಕೊಟ್ಟು ನೋಡಿದರು: ಮೂಗಿನ ಗಾಳಿಯಾಟದ ಅಳತೆ ಬದಲಾಗಲಿಲ್ಲ, ಆದರೆ ಕೆಮ್ಮು, ಸೀನು, ಗಂಟಲು ನೋವು, ಚಳಿ, ಸುಸ್ತು ಕಡಿಮೆಯಾಯ್ತು ಅಂತ ಕುಡಿದವರು ಹೇಳಿದರು. ನಮ್ಮ ಕಟ್ಟಿಗೂ ಇಷ್ಟು ಹೇಳಿದರೆ ಸಾಕು. ಉಸಿರಾಟ ಕಷ್ಟವಾದರೆ, ಜ್ವರ ಮೂರು ದಿನ ಬಿಡದಿದ್ದರೆ ಡಾಕ್ಟರ ಹತ್ತಿರ ಹೋಗಬೇಕು.

ನನಗೆ ಕಾಡಿದ ಪ್ರಶ್ನೆ ಬೇರೆ. ‘ಅತ್ತೆ, ನಿಮಗೇ ನೆಗಡಿ ಆದ್ರೆ ಯಾರು ಮಾಡ್ತಾರೆ?’ ಅಂತ ಕೇಳಿದೆ. ‘ನಾನೇ. ಕಾಳು ಹೆಂಗೂ ನೆನೆಹಾಕಿರ್ತೀನಲ್ಲ, ಅವರ ಪಲ್ಯಕ್ಕೆ’ ಅಂದರು. ಮನೆಯವರ ಪಲ್ಯದ ನೆಪ ಇಲ್ಲದಿದ್ದರೆ ಅತ್ತೆಗೆ ಕಟ್ಟೇ ಇಲ್ಲ. ನಮ್ಮ ಪಾಕಗ್ರಂಥಗಳನ್ನು ಉಣ್ಣುವವರ ಕಡೆಯಿಂದ ಓದಿದ್ದೇವೆ. ಮೂಗು ಸೋರುತ್ತಾ ಒಲೆ ಹಚ್ಚುವವಳ ಕಡೆಯಿಂದ ಓದಿದರೆ ಅವುಗಳಲ್ಲಿ ಏನು ಸಿಗುತ್ತೆ, ಏನು ಸಿಗಲ್ಲ ಅನ್ನೋದನ್ನು ಚರ್ಚೆಗೆ ಇಡ್ತಿದೀನಿ.