ಬೋಟಿನ ಪರದೆ: ಹಾಳು ಮಾಡುವುದು ಮಳೆಯೋ, ಬಿಸಿಲೋ, ನಾವೋ?

ಜೂನ್ 1 ಬಂತೆಂದರೆ ಮಂಗಳೂರಿನ ಬಂದರು ದಕ್ಕೆಯಲ್ಲಿ ಬೋಟುಗಳು ಒಂದಕ್ಕೊಂದು ಆತು ನಿಲ್ಲುತ್ತವೆ. ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬಲೆ ಸರಿಮಾಡುವುದು, ಎಂಜಿನ್ ಬಿಚ್ಚುವುದು, ತಳಕ್ಕೆ ಬಣ್ಣ ಬಳಿಯುವುದು, ಎಲ್ಲ ಈ ಎರಡು ತಿಂಗಳಲ್ಲಿ ಮುಗಿಯಬೇಕು. ಪಟ್ಟಿಯ ತುದಿಯಲ್ಲಿ ಉಳಿಯುವುದು ಕ್ಯಾಬಿನ್ನಿನ ಪಕ್ಕಕ್ಕೆ ಇಳಿಬಿಡುವ ಪರದೆ. ಸುತ್ತ ಟರ್ಪಾಲು, ನಡುವೆ ಆಚೆ ಕಾಣಲೆಂದು ಪ್ಲಾಸ್ಟಿಕ್ ಕಿಟಕಿ. ‘ಆಟೊಗೆ ಹುಡ್ ಹೊಲಿಯುವವರಿಗೆ ಹೇಳಿದರಾಯಿತು’ ಎಂಬಲ್ಲಿಗೆ ಅದರ ಚರ್ಚೆ ಮುಗಿಯುತ್ತದೆ.

ಅಂಥದೊಂದು ಹಳೆಯ ಪರದೆಯನ್ನು ಹೊಲಿಗೆ ಅಂಗಡಿಯ ನೆಲದ ಮೇಲೆ ಬಿಡಿಸಿ ಹಾಕಿದ್ದನ್ನು ನೋಡಿದ್ದೇನೆ. ಕಿಟಕಿ ಹಾಲು ಹಾಕದ ಕಣ್ಣಚಹಾದ ಬಣ್ಣಕ್ಕೆ ತಿರುಗಿತ್ತು. ಕಬ್ಬಿಣದ ಪೈಪಿಗೆ ತಾಗುತ್ತಿದ್ದ ಕಡೆ ಮಾತ್ರ ಗೆರೆ ಎಳೆದಂತೆ ಕಂದು ಪಟ್ಟಿ. ಟರ್ಪಾಲು ಗಟ್ಟಿಯಾಗಿಯೇ ಇತ್ತು, ಹೊಲಿಗೆ ಮಾತ್ರ ಗೇಣುದ್ದ ಬಾಯಿಬಿಟ್ಟಿತ್ತು. ಜಿಪ್ಪಿನ ಹಲ್ಲುಗಳು ನೆಟ್ಟಗಿದ್ದವು, ಎಳೆಯುವ ಗುಂಡಿ ಬಿಳಿಪುಡಿಗಟ್ಟಿ ಕೂತಿತ್ತು. ಒಂದೇ ಪರದೆಗೆ ನಾಲ್ಕು ಕಾಯಿಲೆ, ಕಾರಣವೂ ಒಂದೇ ಅಲ್ಲ. ಬೋಟಿನವರ ತೀರ್ಪು ಮಾತ್ರ ಒಂದೇ: ‘ಮಳೆಗೆ ಹೋಯ್ತು ಮಾರಾಯ್ರೆ.’

ಈ ತೀರ್ಪಿನಿಂದಲೇ ತಪ್ಪು ಕಲ್ಪನೆಗಳ ಸರಪಳಿ ಶುರುವಾಗುತ್ತದೆ. ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಪರದೆಯನ್ನು ಹಾಳು ಮಾಡುವುದು ಮಳೆ.

ವಾಸ್ತವ: ಮಂಗಳೂರಿಗೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುತ್ತದೆ ನಿಜ. ಆದರೆ ಕಿಟಕಿಯ ಪ್ಲಾಸ್ಟಿಕ್ಕಿಗೆ ಮಳೆನೀರು ಸ್ನಾನವಿದ್ದಂತೆ, ಮೇಲೆ ಕೂತ ಉಪ್ಪನ್ನು ತೊಳೆದುಕೊಂಡು ಹೋಗುತ್ತದೆ. ಕೊಲ್ಲುವುದು ಅಕ್ಟೋಬರಿನಿಂದ ಮೇವರೆಗಿನ ಬಿಸಿಲು.

ಈ ಹಾಳೆ ಪಿವಿಸಿ, ಅಂದರೆ ನಮ್ಮ ನೀರಿನ ಪೈಪಿನದೇ ಜಾತಿ. ಪೈಪು ಮಡಚದು, ಹಾಳೆ ಮಡಚುತ್ತದೆ. ಏಕೆಂದರೆ ಹಾಳೆಗೆ ಎಣ್ಣೆಯಂಥ ಮೆದುಕಾರಕ ಬೆರೆಸಿರುತ್ತಾರೆ. ಬಿಸಿಲು, ಕಾವಿಗೆ ಅದು ನಿಧಾನವಾಗಿ ಹೊರಕ್ಕೆ ಜಿನುಗುತ್ತದೆ. ಮೊದಲು ಮೈ ಅಂಟಂಟಾಗುತ್ತದೆ, ಅದಕ್ಕೆ ಧೂಳು, ಡೀಸೆಲ್ ಮಸಿ ಹಿಡಿಯುತ್ತದೆ. ಆಮೇಲೆ ಹಳದಿಗಟ್ಟಿ ಗಡಸಾಗುತ್ತದೆ, ಕೊನೆಗೆ ಮಡಿಕೆಯಲ್ಲೇ ಸೀಳುತ್ತದೆ. ಆ ಕಂದು ಪಟ್ಟಿಗೂ ಇದೇ ಕಾರಣ: ಕಾದ ಪೈಪು ಹಾಳೆಯನ್ನು ಒಳಗಿನಿಂದ ಬೇಯಿಸಿದೆ. ಪೈಪಿಗೆ ಬಿಳಿ ಬಟ್ಟೆಯ ಪಟ್ಟಿ ಸುತ್ತುವುದು, ಇಲ್ಲವೇ ಹಾಳೆ ಪೈಪಿಗೆ ತಾಗುವ ಕಡೆ ಟರ್ಪಾಲಿನ ಪಟ್ಟಿ ಬರುವಂತೆ ಹೊಲಿಸುವುದು ಸಾಕಾಗುವ ಮದ್ದು.

ತಪ್ಪು ಕಲ್ಪನೆ 2: ಮಬ್ಬಾದ ಕಿಟಕಿಯನ್ನು ಚೆನ್ನಾಗಿ ಉಜ್ಜಿದರೆ ಮೊದಲಿನಂತಾಗುತ್ತದೆ.

ವಾಸ್ತವ: ಒಣ ಬಟ್ಟೆಯಲ್ಲಿ ಉಜ್ಜುವುದೆಂದರೆ ಉಪ್ಪಿನ ಹರಳಿನಿಂದ ಕೆರೆಯುವುದು. ಮೊದಲು ಸಿಹಿನೀರು ಸುರಿಯಬೇಕು, ಆಮೇಲೆ ಸೌಮ್ಯ ಸೋಪಿನ ನೀರು, ಮೆತ್ತನೆಯ ಬಟ್ಟೆ. ಮನೆಯ ಕನ್ನಡಿಗೆ ಸಿಂಪಡಿಸುವ ಅಮೋನಿಯಾ ಇರುವ ದ್ರವ, ಥಿನ್ನರ್, ಸೀಮೆಎಣ್ಣೆ, ಪೆಟ್ರೋಲ್ ಹತ್ತಿರಕ್ಕೂ ಬರಬಾರದು. ಕ್ಷಣಕ್ಕೆ ಹೊಳಪು ಕಂಡರೂ ಅವು ಹಾಳೆಯ ಜೀವ ತೆಗೆಯುತ್ತವೆ. ಕೈಗೆ ಹಚ್ಚಿಕೊಂಡ ಸನ್‌ಸ್ಕ್ರೀನ್, ಸೊಳ್ಳೆ ಓಡಿಸುವ ಮುಲಾಮು ಕೂಡ ಕಲೆ ಉಳಿಸಬಲ್ಲವು.

ಬದಲಿಸಬೇಕೋ ಬೇಡವೋ ಎಂದು ತಿಳಿಯಲು ಒಂದು ಚೊಂಬು ನೀರು ಸಾಕು. ಮಬ್ಬಾದ ಜಾಗಕ್ಕೆ ಹೊಯ್ದು ನೋಡಿ. ಒದ್ದೆಯಾದಾಗ ತಿಳಿಯಾದರೆ ಗೀರುಗಳು ಮೇಲ್ಮೈಯಲ್ಲಿವೆ, ಪ್ಲಾಸ್ಟಿಕ್ ಪಾಲಿಶ್ ಕೆಲಸ ಮಾಡುತ್ತದೆ. ಒದ್ದೆಯಾದರೂ ಮಬ್ಬಾಗಿಯೇ ಉಳಿದರೆ ಕೇಡು ಒಳಗಿದೆ, ಎಷ್ಟು ತಿಕ್ಕಿದರೂ ಹೋಗದು.

ತಪ್ಪು ಕಲ್ಪನೆ 3: ಪಾರದರ್ಶಕ ಹಾಳೆಗಳೆಲ್ಲ ಒಂದೇ, ದಪ್ಪನೆಯದು ತಂದರಾಯಿತು.

ವಾಸ್ತವ: ಊಟದ ಮೇಜಿಗೆ ಹಾಸುವ ಹಾಳೆಯೂ ನೋಡಲು ಹೀಗೆಯೇ ಇರುತ್ತದೆ. ಅದು ಮನೆಯೊಳಗಿನ ಮಾಲು, ನೇರಳಾತೀತ ಕಿರಣ ತಡೆಯುವ ಅಂಶ ಇರಬೇಕೆಂದಿಲ್ಲ. ಬೋಟಿನ ಕಿಟಕಿಗೆ ಬಳಸುವ ಹಾಳೆ ಸಾಮಾನ್ಯವಾಗಿ 0.5, 0.75 ಇಲ್ಲವೇ 1 ಮಿಲಿಮೀಟರ್ ದಪ್ಪದ್ದು. ದಿನಕ್ಕೆ ನಾಲ್ಕು ಸಲ ಸುತ್ತಿ ಮೇಲೆ ಕಟ್ಟುವ ಪರದೆಗೆ 1 ಮಿ.ಮೀ. ಹಾಳೆ ಹಾಕಿಸಿದರೆ ಮೂಗಿಗಿಂತ ಮೂಗುತಿ ಭಾರ. ಅದು ಸುರುಳಿಯಾಗಲು ಒಲ್ಲದೆ ಹೊಲಿಗೆಯನ್ನೇ ಎಳೆಯುತ್ತದೆ. ದಪ್ಪ ಹಾಳೆ ಬಿಚ್ಚದೆ ನಿಲ್ಲುವ ಚೌಕಟ್ಟಿಗೆ ಸರಿ.

ದಪ್ಪಕ್ಕಿಂತ ದೊಡ್ಡದು ನೋಟದ ನೇರ. ಅಂಗಡಿಯಲ್ಲಿ ಹಾಳೆಯನ್ನು ಓರೆಯಾಗಿ ಹಿಡಿದು ಎದುರಿನ ವಿದ್ಯುತ್ ಕಂಬವನ್ನು ನೋಡಿ. ಕಂಬ ಹಾವಿನಂತೆ ಬಳುಕಿದರೆ ಆ ಹಾಳೆ ಬೇಡ. ನೇತ್ರಾವತಿ, ಗುರುಪುರ ನದಿಗಳು ಕೂಡಿ ಕಡಲು ಸೇರುವ ಅಳಿವೆಬಾಗಿಲಲ್ಲಿ, ಮುಂಜಾನೆಯ ಅರೆಗತ್ತಲಲ್ಲಿ, ಬೋಟು ನಡೆಸುವ ತಂಡೇಲ ಎದುರು ಬರುವ ಬೋಟಿನ ದೀಪವನ್ನು ಅಳೆಯಬೇಕಾದದ್ದು ಅದೇ ಹಾಳೆಯ ಮೂಲಕ.

ತಪ್ಪು ಕಲ್ಪನೆ 4: ಪ್ಲಾಸ್ಟಿಕ್ ಹಾಳೆಯ ಬದಲು ಗಟ್ಟಿ ಅಕ್ರಿಲಿಕ್ ಕೂರಿಸಿಬಿಟ್ಟರೆ ಜನ್ಮದ ಚಿಂತೆ ಮುಗಿಯಿತು.

ವಾಸ್ತವ: ಅಕ್ರಿಲಿಕ್, ಪಾಲಿಕಾರ್ಬೊನೇಟ್ ಫಲಕಗಳಲ್ಲಿ ನೋಟ ಸ್ಪಷ್ಟ ನಿಜ. ಆದರೆ ಅವು ಕಾವಿಗೆ ಗಾಜಿಗಿಂತ ಹಲವು ಪಟ್ಟು ಹಿಗ್ಗುತ್ತವೆ. ಒಂದು ಮೀಟರ್ ಉದ್ದದ ಅಕ್ರಿಲಿಕ್ 30 ಡಿಗ್ರಿ ಏರಿಳಿತಕ್ಕೆ ಸುಮಾರು 2 ಮಿ.ಮೀ. ಹಿಗ್ಗಿ ಕುಗ್ಗುತ್ತದೆ. ಸ್ಕ್ರೂ ಗಾತ್ರಕ್ಕೇ ತೂತು ಕೊರೆದು ಬಿಗಿದರೆ ಮೊದಲ ಬೇಸಗೆಯಲ್ಲೇ ತೂತಿನಿಂದ ಬಿರುಕು ಹೊರಡುತ್ತದೆ. ತೂತು ಸ್ಕ್ರೂಗಿಂತ ದೊಡ್ಡದಿರಬೇಕು, ನಡುವೆ ರಬ್ಬರ್ ವಾಷರ್ ಕೂರಬೇಕು. ಮೆದು ಪಿವಿಸಿ ಹಾಳೆಯನ್ನು ಈ ಫಲಕಗಳಿಗೆ ಒತ್ತಿ ಇಡಲೂಬಾರದು, ಅದರ ಮೆದುಕಾರಕ ಫಲಕವನ್ನು ಕೆಡಿಸುತ್ತದೆ. ಚುಕ್ಕಾಣಿ ಹಿಡಿಯುವವರ ಎದುರಿಗೆ ಒಡೆದರೂ ಚೂಪು ಚೂರುಗಳು ಹಾರದ ಸುರಕ್ಷಾ ಗಾಜು, ಪಕ್ಕಗಳಿಗೆ ಸುತ್ತಿ ಕಟ್ಟುವ ಪರದೆ. ಇದು ಎರಡರ ಗುಣವನ್ನೂ ಬಳಸಿಕೊಳ್ಳುವ ದಾರಿ.

ತಪ್ಪು ಕಲ್ಪನೆ 5: ಒಂದು ಹನಿಯೂ ಒಳಬರದ ಬಟ್ಟೆಯೇ ಶ್ರೇಷ್ಠ.

ವಾಸ್ತವ: 19ನೇ ಶತಮಾನದಲ್ಲೇ ಬಾಸೆಲ್ ಮಿಷನ್ನಿನ ಮಗ್ಗಗಳ ಖಾಕಿ ಬಟ್ಟೆಗೆ ಹೆಸರಾದ ಊರು ನಮ್ಮದು. ಬಟ್ಟೆಯ ಗುಣ ನೋಡಿ ಆರಿಸುವುದನ್ನು ಮರೆಯಬಾರದು. ಹಳೆಯ ಹತ್ತಿಯ ಕ್ಯಾನ್ವಾಸ್ ನೆನೆದಾಗ ನೂಲು ಉಬ್ಬಿ ತೂತು ಮುಚ್ಚಿಕೊಳ್ಳುತ್ತದೆ, ಆದರೆ ಒದ್ದೆಯಾಗಿಯೇ ಉಳಿದರೆ ಕೊಳೆಯುತ್ತದೆ. ಪಿವಿಸಿ ಲೇಪದ ಪಾಲಿಯೆಸ್ಟರ್ ಟರ್ಪಾಲು ನೀರನ್ನು ಪೂರ್ತಿ ತಡೆಯುತ್ತದೆ, ಗಾಳಿಯನ್ನೂ ತಡೆಯುತ್ತದೆ. ಆಟಿ ತಿಂಗಳ ಮಳೆಗಾಲದ ತೇವದಲ್ಲಿ ಅದರ ಒಳಮೈಯೇ ಬೆವರಿ ಹನಿ ತೊಟ್ಟಿಕ್ಕುತ್ತದೆ, ಜನ ‘ಸೋರುತ್ತಿದೆ’ ಎನ್ನುತ್ತಾರೆ. ಅಡಿಕೆ ಅಂಗಳದ ತೆಳು ಹೊದಿಕೆ ತಾತ್ಕಾಲಿಕವಾಗಿ ಮುಚ್ಚಲು ಚೆಂದ, ಕಡಲ ಗಾಳಿಗೆ ವರ್ಷಗಟ್ಟಲೆ ಬಡಿದಾಡಲು ಅಲ್ಲ.

ನೂಲು ತೆಗೆಯುವಾಗಲೇ ಬಣ್ಣ ಬೆರೆಸಿದ ಅಕ್ರಿಲಿಕ್ ಬಟ್ಟೆ ಅರಿಶಿನದ ಕೊಂಬಿನಂತೆ. ಎಲ್ಲಿ ಮುರಿದರೂ ಅದೇ ಬಣ್ಣ, ಹಾಗಾಗಿ ಬಿಸಿಲಿಗೆ ಬೇಗ ಮಾಸದು. ಬೆಲೆ ಹೆಚ್ಚು. ಅದು ಉಸಿರಾಡುತ್ತದೆ, ಆದರೆ ಜಡಿಮಳೆಯಲ್ಲಿ ಒಂದಿಷ್ಟು ತೇವ ಬಿಟ್ಟುಕೊಡಬಹುದು. ಇಂಥ ಬಟ್ಟೆಯ ಮೇಲೆ ಬೂಸು ಕಂಡರೆ ಬಟ್ಟೆಯನ್ನು ದೂರಬೇಡಿ. ಬೂಸು ತಿನ್ನುವುದು ಮೇಲೆ ಕೂತ ಕೊಳೆಯನ್ನು, ಮೀನಿನ ನೀರನ್ನು. ತೊಳೆದು ಒಣಗಿಸಿದರೆ ಅದಕ್ಕೆ ಊಟವಿಲ್ಲ.

ತಪ್ಪು ಕಲ್ಪನೆ 6: ಹೊಲಿಗೆ ಬಿಟ್ಟಿತೆಂದರೆ ಪರದೆಯ ಆಯಸ್ಸು ಮುಗಿಯಿತು.

ವಾಸ್ತವ: ಬಹಳ ಸಲ ಬಟ್ಟೆಗಿಂತ ಮೊದಲು ದಾರ ಸಾಯುತ್ತದೆ. ಬಿಸಿಲಿಗೆ ಒಡ್ಡಿದ ಕಡೆ ಹೊಲಿಗೆಯನ್ನು ಉಗುರಿನಿಂದ ಕೆರೆದು ನೋಡಿ. ಪುಡಿಪುಡಿಯಾಗಿ ಎದ್ದರೆ ದಾರ ಮುಗಿದಿದೆ, ಬಟ್ಟೆ ಗಟ್ಟಿಯಿದ್ದರೆ ಮರುಹೊಲಿಗೆ ಸಾಕು. ಹತ್ತಿ ದಾರ ಬೇಡ, ಬಿಸಿಲು ತಾಳುವ ದಪ್ಪ ಪಾಲಿಯೆಸ್ಟರ್ ದಾರವನ್ನು ಕೇಳಿ ಹಾಕಿಸಿ.

ಒಂದು ಎಚ್ಚರ. ಹೊಲಿಗೆ ಒತ್ತಾಗಿದ್ದಷ್ಟು ಗಟ್ಟಿ ಎಂಬುದು ಅಂಗಿಗೆ ಸರಿ, ಪ್ಲಾಸ್ಟಿಕ್ಕಿಗೆ ತಪ್ಪು. ಒತ್ತೊತ್ತಾದ ತೂತುಗಳು ಅಂಚೆಚೀಟಿಯ ಅಂಚಿನಂತೆ, ಎಳೆದರೆ ಅಲ್ಲೇ ಹರಿಯುತ್ತದೆ. 5–6 ಮಿ.ಮೀ. ಉದ್ದದ ಹೊಲಿಗೆ ಇರಲಿ. ಮರುಹೊಲಿಗೆಯಲ್ಲಿ ಆದಷ್ಟು ಹಳೆಯ ತೂತುಗಳಲ್ಲೇ ಸೂಜಿ ಹೋಗಲಿ. ಜಿಪ್ಪು ಕೈಕೊಟ್ಟಾಗಲೂ ಪೂರ್ತಿ ಕಿತ್ತು ಹಾಕಬೇಕಿಲ್ಲ. ಪ್ಲಾಸ್ಟಿಕ್ ಹಲ್ಲುಗಳು ಸರಿಯಿದ್ದರೆ ಉಪ್ಪಿಗೆ ಕೂತುಹೋದ ಎಳೆಯುವ ಗುಂಡಿಯೊಂದನ್ನೇ ಬದಲಿಸಬಹುದು.

ತಪ್ಪು ಕಲ್ಪನೆ 7: ಸ್ಟೀಲ್ ಬಟನ್ ಹಾಕಿಸಿದ ಮೇಲೆ ತುಕ್ಕಿನ ಮಾತಿಲ್ಲ, ಆಯಸ್ಕಾಂತ ಹಿಡಿಯದಿದ್ದರೆ ಅದು ಅಸಲಿ.

ವಾಸ್ತವ: ಅಡುಗೆಮನೆಯಲ್ಲೂ ಬಳಸುವ 304 ದರ್ಜೆಯ ಸ್ಟೀಲಿನ ಮೇಲೂ ಕಡಲ ಗಾಳಿಯಲ್ಲಿ ಚಹಾ ಬಣ್ಣದ ಕಲೆ ಏಳುತ್ತದೆ. 316 ದರ್ಜೆಯಲ್ಲಿ ಶೇ. 2ರಿಂದ 3ರಷ್ಟು ಮಾಲಿಬ್ಡಿನಮ್ ಬೆರೆತಿದ್ದು, ಉಪ್ಪನ್ನು ಎದುರಿಸುವ ಶಕ್ತಿ ಕೊಡುವುದು ಅದೇ. ಎರಡನ್ನೂ ಆಯಸ್ಕಾಂತ ಸಾಮಾನ್ಯವಾಗಿ ಹಿಡಿಯದ ಕಾರಣ ಆ ಪರೀಕ್ಷೆಯಿಂದ ವ್ಯತ್ಯಾಸ ತಿಳಿಯದು. ಬಿಲ್ಲಿನಲ್ಲಿ ದರ್ಜೆ ಬರೆಸಿಕೊಳ್ಳಿ.

ತಪ್ಪು ಕಲ್ಪನೆ 8: ಹಳೆಯ ಪರದೆಯನ್ನು ಅಂಗಡಿಗೆ ಕೊಟ್ಟರೆ ಅದೇ ಅಳತೆಗೆ ಹೊಸದು ಸಿಗುತ್ತದೆ.

ವಾಸ್ತವ: ಹಳೆಯ ಹಾಳೆ ಕುಗ್ಗಿರುತ್ತದೆ, ಬಟ್ಟೆ ಹಿಗ್ಗಿರುತ್ತದೆ, ಪೈಪು ಯಾವುದೋ ಬೋಟಿಗೆ ತಾಗಿ ಬಾಗಿರುತ್ತದೆ. ಅದನ್ನೇ ನಕಲು ಮಾಡಿದರೆ ಆ ದೋಷಗಳೂ ನಕಲಾಗುತ್ತವೆ. ಹೊಲಿಯುವವರನ್ನು ಬೋಟಿಗೇ ಕರೆತಂದು, ಮೊದಲು ಪೈಪು ನೆಟ್ಟಗೆ ಮಾಡಿಸಿ, ಆಮೇಲೆ ಅಳತೆ ಕೊಡಿ. ಹಳೆಯದು ಬಟನ್, ಜಿಪ್ಪುಗಳ ಜಾಗ ಗುರುತಿಸಲು ಇರಲಿ.

ತಪ್ಪು ಕಲ್ಪನೆ 9: ರಜೆಯಲ್ಲಿ ಪರದೆಯನ್ನು ಮಡಚಿ ಮೂಲೆಗಿಟ್ಟರೆ ಸುರಕ್ಷಿತ.

ವಾಸ್ತವ: ಮಡಚಿದ ಕಿಟಕಿಯಲ್ಲಿ ಮಡಿಕೆಯ ಗೆರೆ ಶಾಶ್ವತ. ಒದ್ದೆಯಾಗಿಯೇ ಸುತ್ತಿಟ್ಟರೆ ಹಾಳೆ ತೇವ ಹೀರಿ ಹಾಲಿನಂತೆ ಬೆಳ್ಳಗಾಗುತ್ತದೆ. ಸಿಹಿನೀರಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ನಡುವೆ ಹಳೆಯ ಪಂಚೆಯೊಂದನ್ನು ಹಾಸಿ ಚಾಪೆಯಂತೆ ಸುತ್ತಿಡಿ. ತಣ್ಣಗಾದರೆ ಹಾಳೆ ಒಡೆಯುತ್ತದೆ ಎಂಬ ಚಳಿದೇಶದವರ ಎಚ್ಚರಿಕೆ ನಮಗೆ ಬೇಕಿಲ್ಲ, ಇಲ್ಲಿನ ಭಯ ಕಾವು ಮತ್ತು ತೇವ.

ತಪ್ಪು ಕಲ್ಪನೆ 10: ನಾಲ್ಕೂ ಕಡೆ ಬಿಗಿಯಾಗಿ ಮುಚ್ಚಿದರೆ ಒಳಗಿರುವವರು ಕ್ಷೇಮ.

ವಾಸ್ತವ: ಉಳಿದ ಒಂಬತ್ತರಲ್ಲಿ ಹೋಗುವುದು ಹಣ, ಇದರಲ್ಲಿ ಹೋಗುವುದು ಜೀವ. ಮುಂದೆ ಸಾಗುವ ಬೋಟಿನ ಹಿಂಭಾಗದಲ್ಲಿ ಗಾಳಿ ಸುಳಿದು ಒಳಕ್ಕೆ ನುಗ್ಗುತ್ತದೆ. ಮೂರು ಕಡೆ ಮುಚ್ಚಿ ಹಿಂದೆ ಮಾತ್ರ ತೆರೆದಿಟ್ಟರೆ ಎಂಜಿನ್ನಿನ ಹೊಗೆ ಕ್ಯಾಬಿನ್ನಿಗೇ ಬರುತ್ತದೆ. ಅದರಲ್ಲಿನ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಮುಚ್ಚಿದ ಕ್ಯಾಬಿನ್ನಿನಲ್ಲಿ ಗ್ಯಾಸ್ ಒಲೆ ಉರಿಸಿದರೂ ಇದೇ ಅಪಾಯ. ತಲೆನೋವು, ವಾಕರಿಕೆ ಬಂದರೆ ಕಡಲಜಡ್ಡು ಎಂದು ಮಲಗುವ ಮೊದಲು ಮುಂದಿನ ಪರದೆ ತೆರೆಯಬೇಕು. ಬಿಗಿದು ಕಟ್ಟಿದ ಪರದೆ ಬಿರುಗಾಳಿಗೆ ಹಾಯಿಯೂ ಆಗುತ್ತದೆ, ಸಣ್ಣ ದೋಣಿಯನ್ನು ಓಲಿಸುತ್ತದೆ.

ಬೆಂಗ್ರೆಗೋ ತಣ್ಣೀರುಬಾವಿಗೋ ಜನರನ್ನು ದಾಟಿಸುವ ದೋಣಿಯವರು, ನದಿಯಲ್ಲಿ ಪ್ರವಾಸಿಗರನ್ನು ಸುತ್ತಿಸುವವರು ಇದನ್ನು ಎರಡು ಸಲ ಓದಬೇಕು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಮಿತಿಮೀರಿ ಜನ ತುಂಬಿದ್ದ ಪ್ರವಾಸಿ ದೋಣಿ ಮಗುಚಿ 22 ಮಂದಿ ತೀರಿಕೊಂಡರು. ಮೀನುಗಾರಿಕೆ ದೋಣಿಯನ್ನು ಮಾರ್ಪಡಿಸಿ ಮಾಡಿದ ದೋಣಿ ಅದು. ಪರದೆಯೇ ಅಲ್ಲಿನ ಕಾರಣ ಎಂದು ನಾನು ಹೇಳುತ್ತಿಲ್ಲ. ಆದರೆ ಯಾವುದೇ ದೋಣಿ ಮಗುಚಿದಾಗ, ಮಳೆ ತಡೆಯಲೆಂದು ಗಂಟು ಹಾಕಿದ ಪರದೆ ಒಳಗಿದ್ದವರ ಪಾಲಿಗೆ ಗೋಡೆಯಾಗುತ್ತದೆ.

ಆದ್ದರಿಂದ ಹೊಸ ಪರದೆಗೆ ದುಡ್ಡು ಎಣಿಸುವ ಮುನ್ನ ಒಂದು ಪರೀಕ್ಷೆ ಮಾಡಿ. ಲೈಫ್ ಜಾಕೆಟ್ ತೊಟ್ಟು ಒಳಗೆ ಕೂತು, ಕಣ್ಣು ಮುಚ್ಚಿ, ಒಂದೇ ಕೈಯಲ್ಲಿ ಪರದೆಯನ್ನು ಬಿಚ್ಚಿ. ಐದು ಎಣಿಸುವುದರೊಳಗೆ ಹೊರಗೆ ಬರಲಾಗದಿದ್ದರೆ, ಹೊಲಿಗೆ ಎಷ್ಟೇ ಚೆಂದವಿರಲಿ, ಅದನ್ನು ಅಂಗಡಿಗೆ ವಾಪಸು ಕೊಡಿ.